ಹೋಂಡಾ ಹುಡುಕಿದರೆ ಸ್ಕೂಟರೂ ಬರುತ್ತದೆ

ಓದುಗರ ಪತ್ರ: ಹುಡುಕಾಟದ ಏರಿಳಿತವನ್ನು ರೇಖೆಯಲ್ಲಿ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಜಪಾನಿನ ಫುಟ್‌ಬಾಲ್ ಆಟಗಾರರಾದ ಮಿತೊಮಾ, ಕುಬೊ, ಎಂಡೊ, ಹೋಂಡಾ ಎಂದು ನಾಲ್ಕು ಹೆಸರು ಹಾಕಿ ನೋಡಿದೆ. ಹೋಂಡಾ ರೇಖೆ ಮುಗಿಲು ಮುಟ್ಟಿದೆ, ಮಿತೊಮಾರದ್ದು ನೆಲ ಕಚ್ಚಿದೆ. 2022ರ ವಿಶ್ವಕಪ್‌ನಲ್ಲಿ ಅಷ್ಟು ಹೆಸರು ಮಾಡಿದವರಿಗೆ ಇಷ್ಟೇನಾ ಜನಪ್ರಿಯತೆ?

ಸಂಪಾದಕರ ಉತ್ತರ: ರೇಖೆ ಸುಳ್ಳಲ್ಲ, ಆದರೆ ಅದು ಕೈಸುಕೆ ಹೋಂಡಾ ಅವರದ್ದೂ ಅಲ್ಲ. ಬರೀ ‘ಹೋಂಡಾ’ ಎಂದು ಕೊಟ್ಟರೆ ಕಾರು, ಬೈಕು, ನಮ್ಮ ಕೋಲಾರದ ನರಸಾಪುರದಲ್ಲಿ ತಯಾರಾಗುವ ಸ್ಕೂಟರಿನ ಆನ್‌ರೋಡ್ ಬೆಲೆ ಹುಡುಕಿದವರೆಲ್ಲ ಅದರೊಳಗೆ ಸೇರುತ್ತಾರೆ. ಟ್ರೆಂಡ್ಸ್ ಎಷ್ಟು ಜನ ಹುಡುಕಿದರೆಂದು ಎಣಿಸಿ ಹೇಳುವುದಿಲ್ಲ. ಹೋಲಿಕೆಗಿಟ್ಟ ಹೆಸರುಗಳಲ್ಲಿ ಅತಿ ಎತ್ತರದ ಬಿಂದುವನ್ನು 100 ಎಂದಿಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹಿಡಿದು ಅಳೆಯುತ್ತದೆ. ಕಂಪನಿಯ ಪಕ್ಕ ನಿಲ್ಲಿಸಿದರೆ ಯಾವ ಆಟಗಾರನಾದರೂ ಕುಳ್ಳನೇ. ಎಂಡೊ ಕೂಡ ಜಪಾನಿನಲ್ಲಿ ಬಳಕೆಯ ಮನೆತನದ ಹೆಸರು: ದೇಶದ ಪರ 152 ಪಂದ್ಯ ಆಡಿದ ಯಾಸುಹಿತೊ ಎಂಡೊ ಬೇರೆ, 2023ರಲ್ಲಿ ಲಿವರ್‌ಪೂಲ್ ಸೇರಿದ ವತಾರು ಎಂಡೊ ಬೇರೆ.

ಪೂರ್ತಿ ಹೆಸರು ಟೈಪ್ ಮಾಡಿ, ಕೆಳಗೆ ಬರುವ ಪಟ್ಟಿಯಲ್ಲಿ ‘ಫುಟ್‌ಬಾಲ್ ಆಟಗಾರ’ ಎಂದು ತೋರಿಸುವ ವಿಷಯವನ್ನೇ ಆರಿಸಿ. ಆಗ ಬೇರೆ ಬೇರೆ ಲಿಪಿಯಲ್ಲಿ ಹುಡುಕಿದ್ದೂ ಒಟ್ಟಾಗುತ್ತದೆ. ನಾಲ್ಕನ್ನೂ ಹೀಗೇ ಆರಿಸಬೇಕು. ಒಂದು ವಿಷಯ, ಇನ್ನೊಂದು ಬರೀ ಪದವಾದರೆ ಹೋಲಿಕೆ ಕೆಟ್ಟಿತು. ಜಪಾನಿ ಲಿಪಿಯಲ್ಲೇ ಪದ ಕೊಡುವವರಿಗೆ ಮಿತೊಮಾ ಹೆಸರಿನಲ್ಲೊಂದು ತೊಡಕಿದೆ. ಎರಡನೆಯ ಅಕ್ಷರದ ತಲೆಯ ಮೇಲೆ ಇರಬೇಕಾದದ್ದು ಬಿದಿರಿನ ಗುರುತು. ಜಪಾನಿಗರೇ ಎಷ್ಟೋ ಜನ ಹುಲ್ಲಿನ ಗುರುತಿರುವ ಅಕ್ಷರ ಒತ್ತಿಬಿಡುತ್ತಾರೆ. ಎರಡೂ ರೂಪಗಳ ನಡುವೆ ಕೂಡುವ ಚಿಹ್ನೆ (+) ಹಾಕಿದರೆ ಲೆಕ್ಕ ಒಂದಾಗುತ್ತದೆ.

ಎಣಿಕೆಯೇ ಬೇಕೆಂದರೆ ವಿಕಿಪೀಡಿಯದ ಪೇಜ್‌ವ್ಯೂಸ್ ಸಾಧನವಿದೆ. 2015ರ ಜುಲೈಯಿಂದ ಈಚೆಗೆ ಯಾವ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದರೆಂದು ಹೇಳುತ್ತದೆ, ಒಂದೊಂದು ಭಾಷೆಗೂ ಪ್ರತ್ಯೇಕವಾಗಿ. ಅಲ್ಲಿ ದಿನ ಬದಲಾಗುವುದು ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದ ಪ್ರಕಾರ, ಅಂದರೆ ಜಪಾನಿನ ಬೆಳಿಗ್ಗೆ 9ಕ್ಕೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್ ಆಡಿದ ಪಂದ್ಯ ಅವರಲ್ಲಿ ಶುರುವಾದದ್ದು ಡಿಸೆಂಬರ್ 2ರ ನಸುಕಿನ 4ಕ್ಕೆ. ಹಾಗಾಗಿ ಎದ್ದ ಕೂಡಲೇ ಫೋನ್ ಹಿಡಿದವರೆಲ್ಲ ಡಿಸೆಂಬರ್ 1ರ ಖಾತೆಗೆ ಜಮಾ.

ಆ ಪಂದ್ಯದಲ್ಲಿ, ಗೆರೆ ದಾಟಿಯೇಬಿಟ್ಟಿತು ಎನಿಸಿದ ಚೆಂಡನ್ನು ಮಿತೊಮಾ ಒಳಕ್ಕೆ ತಿರುಗಿಸಿಕೊಟ್ಟರು, ಆವೊ ತನಾಕಾ ಗೋಲು ಹೊಡೆದರು, ಜಪಾನ್ 2–1ರಿಂದ ಗೆದ್ದಿತು. ಚೆಂಡಿನ ಹೊಟ್ಟೆ ಕೂದಲೆಳೆಯಷ್ಟು ಗೆರೆಯ ಮೇಲೆ ಚಾಚಿದ್ದ ಚಿತ್ರ ಹರಿದಾಡಿ ‘ಮಿತೊಮಾರ 1 ಮಿಲಿಮೀಟರ್’ ಎಂಬ ಮಾತೇ ಹುಟ್ಟಿಕೊಂಡಿತು. ಗೋಲು ತನಾಕಾರದ್ದು, ಹೆಸರು ಮಿತೊಮಾರದ್ದು! ಇಂಥದೊಂದು ಶಿಖರ ಒಳಗಿದ್ದರೆ ವರ್ಷದ ಉಳಿದ ವಾರಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ.

ಆದ್ದರಿಂದ ವಿಶ್ವಕಪ್ ಬಿಟ್ಟು, 2023ರ ಜನವರಿಯಿಂದ ಮೇವರೆಗೆ ನೋಡಿ. ಆಗ ಮಿತೊಮಾ ಇಂಗ್ಲೆಂಡಿನ ಬ್ರೈಟನ್ ಕ್ಲಬ್‌ನಲ್ಲಿ, ಕುಬೊ ಸ್ಪೇನಿನ ರಿಯಲ್ ಸೊಸಿಯೆದಾದ್‌ನಲ್ಲಿ ಆಡುತ್ತಿದ್ದರು. ‘ಜಗತ್ತು’ ಎಂದು ಆರಿಸದೆ ಜಪಾನ್, ಬ್ರಿಟನ್, ಸ್ಪೇನ್ ಬೇರೆ ಬೇರೆ ತೆಗೆಯಿರಿ. ಮುಂದಿನ ಋತು (2023–24) ಬೇಡ. ಅದರ ನಡುವೆ ಏಷ್ಯಾ ಕಪ್ ಬರುತ್ತದೆ, ಫೆಬ್ರವರಿ ಕಳೆದ ಮೇಲೆ ಮಿತೊಮಾ ಬೆನ್ನಿನ ಗಾಯದಿಂದ ಆಡಲೇ ಇಲ್ಲ. ಗಾಯದ ಸುದ್ದಿ ಹುಡುಕಿದರೂ ರೇಖೆ ಏರುತ್ತದೆ.