ನಾಯಕ ಹೋದ ಮೇಲೂ ಕೆಲಸ ಉಳಿಯುವುದು ಹೇಗೆ?

ಅಧ್ಯಕ್ಷರು ಬದಲಾದ ಕೂಡಲೇ ಯುವಕ ಮಂಡಲದ ಕೆಲಸ ಯಾಕೆ ನಿಂತುಹೋಗುತ್ತದೆ ಎಂದು ಕೇಳಿದ್ದೀರಿ. ಹೆಚ್ಚಿನ ಕಡೆ ಕಾರಣ ಇಷ್ಟೇ: ಕೆಲಸ ಅವರ ತಲೆಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ.

ಉಡುಪಿಯಲ್ಲೇ ಒಳ್ಳೆಯ ಉದಾಹರಣೆ ಇದೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆದುಕೊಳ್ಳುತ್ತಿದ್ದ. ಸಂಸ್ಥಾಪಕರೇ ಖುದ್ದು ನಿಂತು ನಡೆಸಬೇಕಾದ ಕೆಲಸವಲ್ಲ ಅದು. ಯಾರು ಬೇಕಾದರೂ ಕಲಿತು ಮಾಡಬಹುದಾದ ಕ್ರಮ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕರಾವಳಿಯ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಮಾತ್ರ ಇವತ್ತಿಗೂ ನಡೆದಿದೆ.

ನೀವು ಮೊದಲು ಹಣದ ದಾರಿ ಸರಿಮಾಡಿ: ಚೆಕ್ಕಿಗೆ ಇಬ್ಬರ ಸಹಿ, ತಿಂಗಳಿಗೊಮ್ಮೆ ಸಭೆಯ ಮುಂದೆ ಲೆಕ್ಕ. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಕೃಷ್ಣಾಷ್ಟಮಿಯ ಮೊಸರುಕುಡಿಕೆಯಂಥ ಒಂದು ಕಾರ್ಯಕ್ರಮವನ್ನು ಪೂರ್ತಿ ಮುಂದಿನವರಿಗೆ ಬಿಡಿ. ಶಾಮಿಯಾನದವರ ನಂಬರ್, ಮೈಕ್ ಅನುಮತಿಯ ಅರ್ಜಿಯ ಪ್ರತಿ, ಕಳೆದ ವರ್ಷದ ಖರ್ಚಿನ ಪಟ್ಟಿ ಒಂದೇ ಫೈಲಿನಲ್ಲಿರಲಿ. ಸಣ್ಣಪುಟ್ಟದ್ದು ತಪ್ಪಿದರೆ ನಡುವೆ ಕೈಹಾಕಬೇಡಿ. ಒಮ್ಮೆ ಹಾಕಿದರೆ ಸಾಕು, ಮುಂದಿನ ಸಲ ಎಲ್ಲರೂ ಹಳಬರಿಗೇ ಫೋನ್ ಮಾಡುತ್ತಾರೆ.