ಹೂಕೋಸಿನ ಗಿಡದಲ್ಲಿ ಬರೀ ಎಲೆ, ಹೂ ಯಾಕೆ ಕಟ್ಟುತ್ತಿಲ್ಲ?

ನೀವು ಬರೆದಿರುವುದು ಇಷ್ಟು: ದಾವಣಗೆರೆಯ ಹಿತ್ತಲು, ಆನ್‌ಲೈನಿನಲ್ಲಿ ತರಿಸಿದ ‘ಸ್ನೋಬಾಲ್’ ಬೀಜ, ಜನವರಿಯಲ್ಲಿ ಹಾಕಿದ್ದು. ಈಗ ಮೇ ಬಂದರೂ ಮೊಣಕಾಲೆತ್ತರ ಎಲೆಯೇ ಎಲೆ. ಅದರ ಪಕ್ಕದಲ್ಲಿ ನರ್ಸರಿಯಿಂದ ತಂದು ನೆಟ್ಟ ಆರು ಸಸಿ ಮಾತ್ರ ನಿಂಬೆಹಣ್ಣಿನಷ್ಟು ಹೂ ಬಿಟ್ಟು ಅಲ್ಲಿಗೇ ನಿಂತಿವೆ. ಗೊಬ್ಬರ ಕಮ್ಮಿಯಾಯಿತಾ ಅಂತ ಕೇಳಿದ್ದೀರಿ.

ಗೊಬ್ಬರದ ಮಾತು ಆಮೇಲೆ. ಇನ್ನೊಂದು ಹಿಡಿ ಯೂರಿಯಾ ಹಾಕಿದರೆ ಇನ್ನೊಂದು ಎಲೆ ಬರುತ್ತದೆ, ಅಷ್ಟೇ. ನಿಮ್ಮ ಹಿತ್ತಲಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆ, ಎರಡನ್ನೂ ನಾನು ಹಾಸನದಲ್ಲಿ ನಮ್ಮ ಹಿತ್ತಲಲ್ಲೇ ಅನುಭವಿಸಿದ್ದೇನೆ.

ಮೊದಲು ಎಲೆಯ ಗಿಡಗಳು. ಟೊಮ್ಯಾಟೊ, ಬೆಂಡೆ ಥರ ಹೂಕೋಸು ಎಲ್ಲಾ ಕಾಲಕ್ಕೂ ಒಗ್ಗುವ ತರಕಾರಿಯಲ್ಲ. ಇದರ ಬೀಜ ನಮ್ಮ ದೇಶಕ್ಕೆ ಬಂದದ್ದು 1822ರಲ್ಲಿ, ಇಂಗ್ಲೆಂಡಿನಿಂದ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ತೋಟಕ್ಕೆ. ಆಮೇಲೆ ಉತ್ತರದ ರೈತರು ವರ್ಷ ವರ್ಷವೂ ಬಿಸಿಲು ತಡೆದ ಗಿಡಗಳ ಬೀಜ ಎತ್ತಿಟ್ಟು ಎತ್ತಿಟ್ಟು ನಮ್ಮದೇ ತಳಿಗಳು ಹುಟ್ಟಿಕೊಂಡವು. ಹಾಗಾಗಿ ಇವತ್ತು ಎಲ್ಲದಕ್ಕೂ ಹೂಕೋಸು ಅಂತಲೇ ಹೆಸರಿದ್ದರೂ ಒಳಗೆ ಜಾತಿ ಬೇರೆ. ಪೂಸಾ ದೀಪಾಲಿಯಂಥ ಬೇಗನೆ ಬರುವ ತಳಿಗಳು 20ರಿಂದ 27 ಡಿಗ್ರಿಯಲ್ಲೂ ಹೂ ಕಟ್ಟುತ್ತವೆ. ಸ್ನೋಬಾಲ್ ಗುಂಪಿಗೆ 10ರಿಂದ 16 ಡಿಗ್ರಿಯ ತಂಪು ಬೇಕು, ಅದೂ ದಿನಗಟ್ಟಲೆ. ಅಷ್ಟು ಚಳಿ ದಾವಣಗೆರೆಯಲ್ಲಿ ಡಿಸೆಂಬರಿನಲ್ಲೇ ನಿಲ್ಲುವುದಿಲ್ಲ, ಏಪ್ರಿಲ್ ಬಿಸಿಲಲ್ಲಿ ಎಲ್ಲಿಂದ ಬರಬೇಕು? ತಂಪು ಸಿಗುವ ತನಕ ಗಿಡ ಎಲೆ ಹಾಕುತ್ತಾ ಕೂರುತ್ತದೆ. ಅದರ ತಪ್ಪೇನೂ ಇಲ್ಲ.

ಒಂದು ಪರೀಕ್ಷೆ ಮಾತ್ರ ಮಾಡಿ. ನಡುವಿನ ಎಳೆ ಎಲೆಗಳನ್ನು ಬೆರಳಲ್ಲಿ ಬಿಡಿಸಿ ಸುಳಿ ಇದೆಯಾ ನೋಡಿ. ಸುಳಿಯೇ ಇಲ್ಲದೆ ಅಲ್ಲೊಂದು ಒಣಗಿದ ಕುಳಿ ಕಂಡರೆ, ಸಸಿಯಾಗಿದ್ದಾಗಲೇ ಹುಳ ತಿಂದಿದೆ ಅಂತ ಅರ್ಥ. ಅದರಲ್ಲಿ ಯಾವ ಕಾಲಕ್ಕೂ ಹೂ ಬರುವುದಿಲ್ಲ.

ಇನ್ನು ನಿಂಬೆ ಗಾತ್ರದ ಹೂ. ನೀವು ನರ್ಸರಿ ಸಸಿ ಎಷ್ಟು ದಿನದ್ದು ಅಂತ ಬರೆದಿಲ್ಲ, ಆದರೆ ನನಗೆ ಅನುಮಾನ ಅಲ್ಲೇ. ಮೊದಲ ವರ್ಷ ನಾನೂ ಒಂದು ನರ್ಸರಿಯಿಂದ ನಲವತ್ತು ಸಸಿ ತಂದೆ. ಗೇಣುದ್ದ ಇದ್ದವು, ನೋಡಲು ಗಟ್ಟಿಮುಟ್ಟು, ಮೇಲಾಗಿ ಅರ್ಧ ಬೆಲೆ. ಟ್ರೇಯಿಂದ ಎಳೆದಾಗ ಬೇರು ಸುತ್ತಿಕೊಂಡು ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು, ಕಾಂಡ ಆಗಲೇ ಕಡ್ಡಿ. ಅರ್ಧ ಬೆಲೆ ಯಾಕೆ ಅಂತ ಕೇಳಬೇಕು ಅಂತ ಆಗ ತೋಚಲಿಲ್ಲ. ನೆಟ್ಟ ತಿಂಗಳಿಗೇ ಎಲ್ಲಾ ಗಿಡದಲ್ಲೂ ಕೋಟಿನ ಗುಂಡಿಯಷ್ಟು ಹೂ! ಖುಷಿಯಲ್ಲಿ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಆ ಗುಂಡಿ ಗುಂಡಿಯಾಗಿಯೇ ಉಳಿದು, ಬಿರಿದು, ಹಳದಿಯಾಯಿತು.

ಹೂಕೋಸಿನ ಲೆಕ್ಕ ಹೀಗಿದೆ: ಹೂ ದಪ್ಪವಾಗಬೇಕಾದರೆ ಅದಕ್ಕೆ ಮೊದಲೇ ಹೊಟ್ಟೆಗೆ ಹಾಕುವಷ್ಟು ಎಲೆ ಆಗಿರಬೇಕು. ಟ್ರೇಯಲ್ಲಿ ಹಸಿದು ಮುದಿಯಾದ ಸಸಿ ನಾಲ್ಕೈದು ಎಲೆಯಲ್ಲೇ ಹೂವಿಗೆ ಹೊರಟುಬಿಡುತ್ತದೆ. ಆಮೇಲೆ ನೀವೇನು ಕೊಟ್ಟರೂ ಅದು ಹಿಂದಕ್ಕೆ ಬರಲ್ಲ. ಸಸಿ 25ರಿಂದ 30 ದಿನದ್ದಾಗಿರಬೇಕು, ಕಾಂಡ ಹಸಿರಾಗಿರಬೇಕು. ಅದಕ್ಕಿಂತ ಹಳೆಯದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಹಾಗಾದರೆ ಯಾವಾಗ ಹಾಕಬೇಕು? ನಾನು ಇಟ್ಟುಕೊಂಡಿರುವ ಗುರುತು ಅವರೆಕಾಯಿ. ಅವರೆಗೆ ಸೊಗಡು ಬರುವ ಹೊತ್ತಿಗೆ ಹೂಕೋಸು ಹೂ ಕಟ್ಟುತ್ತಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ಗೌರಿ ಹಬ್ಬದ ಆಸುಪಾಸಲ್ಲಿ ಬೀಜ, ದಸರಾ ಬರುವಷ್ಟರಲ್ಲಿ ನಾಟಿ, ಅಲ್ಲಿಂದ ಎರಡು, ಎರಡೂಕಾಲು ತಿಂಗಳಿಗೆ ಅಡುಗೆಮನೆಗೆ. ನಿಮ್ಮ ಊರು ನಮ್ಮದಕ್ಕಿಂತ ಬಿಸಿ, ಆದ್ದರಿಂದ ಬೇಗ ಬರುವ ತಳಿಯನ್ನೇ ಕೇಳಿ. ಪೊಟ್ಟಣದ ಮುಂದಿನ ಬಿಳಿ ಹೂವಿನ ಚಿತ್ರ ಎಲ್ಲದರಲ್ಲೂ ಒಂದೇ. ಹಿಂದಿರುವ ಸಣ್ಣಕ್ಷರದಲ್ಲಿ ಯಾವ ತಿಂಗಳ ತಳಿ ಅಂತ ಬರೆದಿರದಿದ್ದರೆ ವಾಪಸ್ ಇಡಿ.

ನಾಟಿಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಂಜೆ ಹೊತ್ತಿನ ನಾಟಿ. ನೀರು ಒಂದು ದಿನ ಪ್ರವಾಹ, ನಾಲ್ಕು ದಿನ ಬರಗಾಲ ಆಗದಿದ್ದರೆ ಸಾಕು.

ಒಂದು ವರ್ಷ ಹೊರಗೆ ಚೆನ್ನಾಗಿಯೇ ಇದ್ದ ಹೂ ಕೊಯ್ದರೆ ಕಾಂಡದ ಒಳಗೆ ಟೊಳ್ಳು, ಗೋಡೆಯೆಲ್ಲ ಕಂದು. ಅದು ಬೋರಾನ್ ಅನ್ನುವ, ಗಿಡಕ್ಕೆ ಚೂರೇ ಚೂರು ಬೇಕಾಗುವ ಪೋಷಕಾಂಶದ ಕೊರತೆ. ಮುಂದಿನ ಸಲ ನಾಟಿಗೆ ಮೊದಲು ಬೋರಾನ್ ಇರುವ ಬೋರಾಕ್ಸ್ ಪುಡಿಯನ್ನು ಚದರ ಮೀಟರಿಗೆ 2 ಗ್ರಾಂ, ಅಂದರೆ ಹೆಚ್ಚೂಕಡಿಮೆ ಅರ್ಧ ಟೀ ಚಮಚ, ಮರಳಲ್ಲಿ ಬೆರೆಸಿ ಎರಚಿದೆ, ಸರಿಹೋಯಿತು. ಕೈ ಜಾರಿ ಜಾಸ್ತಿ ಬಿದ್ದರೆ ಗಿಡಕ್ಕೆ ವಿಷವೇ. ಟೊಳ್ಳಿದ್ದೂ ಒಳಗೆ ಬಿಳಿಯಾಗಿದ್ದರೆ ಬೋರಾಕ್ಸ್ ಮುಟ್ಟಲೇಬೇಡಿ, ಅದು ಸಾರಜನಕ ಜಾಸ್ತಿಯಾಗಿ ಸರಸರ ಬೆಳೆದದ್ದರ ಫಲ.

ಈಗ ಹುಳ. ನಮ್ಮತ್ತೆ ಹೂಕೋಸನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ, “ಅದು ಹುಳದ ಮನೆ ಕಣಮ್ಮ” ಅನ್ನೋರು. 2024ರ ಮಾರ್ಚಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿದಾಗ, ಬೀದಿಯ ಗೋಬಿ ಬೇಡ ಮನೆಯಲ್ಲೇ ಮಾಡು ಅಂತ ಮಗ ಹಟ ಹಿಡಿದ. ಹೂಕೋಸು ನಮ್ಮ ಹಿತ್ತಲಿಗೆ ಬಂದದ್ದು ಹಾಗೆ. ಅತ್ತೆಯ ಮಾತು ಸುಳ್ಳಲ್ಲ ಅಂತ ಆ ವರ್ಷವೇ ಗೊತ್ತಾಯಿತು. ಎಲೆಯ ಅಡಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಹಸಿರು ಹುಳ, ಮುಟ್ಟಿದರೆ ಮಿಡುಕಿ ನೂಲು ಹಿಡಿದು ಕೆಳಗೆ ಜೋತುಬೀಳುತ್ತದೆ. ಎಲೆಯ ತಿರುಳು ತಿಂದು ಮೇಲಿನ ತೆಳು ಪೊರೆ ಮಾತ್ರ ಉಳಿಸುತ್ತದೆ, ಬೆಳಕಿಗೆ ಹಿಡಿದರೆ ಗಾಜು ಕೂರಿಸಿದ ಹಾಗೆ ಕಾಣುತ್ತದೆ. ಇದೇ ವಜ್ರಬೆನ್ನಿನ ಪತಂಗದ ಮರಿ. ಔಷಧಿ ಹೊಡೆದು ಹೊಡೆದು ಈ ಹುಳಕ್ಕೆ ಬಹಳಷ್ಟು ಔಷಧಿ ರೂಢಿಯಾಗಿಬಿಟ್ಟಿದೆ.

ಇದಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಕೋಸಿನ ರೈತರಿಗೆ ಹೇಳಿಕೊಟ್ಟ ಉಪಾಯ ಸಾಸಿವೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾದ 25 ದಿನಕ್ಕೆ. ಪತಂಗ ಸಾಸಿವೆಗೆ ಹೋಗಿ ಮೊಟ್ಟೆಯಿಡುತ್ತದೆ. ಹಿತ್ತಲಿಗೆ ಸಾಲಿನ ಲೆಕ್ಕ ಎಲ್ಲಿ ಬಂತು, ನಾನು ಒಗ್ಗರಣೆ ಡಬ್ಬಿಯ ಸಾಸಿವೆಯನ್ನೇ ಮಡಿಯ ಸುತ್ತ ಎರಚುತ್ತೇನೆ. ಹುಳ, ಹೇನು ಹತ್ತಿದ ಸಾಸಿವೆ ಗಿಡವನ್ನು ಕಿತ್ತು ಸೋಪಿನ ನೀರಿನ ಬಕೆಟ್ಟಿಗೆ ಮುಳುಗಿಸುತ್ತೇನೆ. ಕೋಸಿನ ಮೇಲೆ ಉಳಿದವನ್ನು ಬೆಳಗ್ಗೆ ಕಾಫಿಗೆ ಮುಂಚೆ ಕೈಯಲ್ಲೇ ಆರಿಸುವುದು. ಮೀರಿದರೆ ಸಂಜೆ ಬೇವಿನ ಬೀಜದ ಕಷಾಯ, ಎಲೆಯ ಅಡಿಗೆ ತಾಗುವ ಹಾಗೆ.

ಹೂ ಕೋಳಿಮೊಟ್ಟೆಯಷ್ಟಾದಾಗ ಅದರ ಎಲೆಗಳನ್ನೇ ಮೇಲಕ್ಕೆತ್ತಿ ಬಾಳೆನಾರಲ್ಲಿ ಸಡಿಲವಾಗಿ ಕಟ್ಟಿ. ಬಿಸಿಲು ಬಿದ್ದರೆ ಹಳದಿಯಾಗುತ್ತದೆ, ರುಚಿಗೆ ಅಂಥ ಮೋಸವಿಲ್ಲ, ನೋಟ ಹೋಗುತ್ತದೆ. ಎರಡು ದಿನಕ್ಕೊಮ್ಮೆ ಬಿಚ್ಚಿ ನೋಡಲೇಬೇಕು, ಇಲ್ಲದಿದ್ದರೆ ಹುಳಕ್ಕೆ ನೀವೇ ಗುಡಿಸಲು ಕಟ್ಟಿಕೊಟ್ಟ ಹಾಗೆ. ಮೇಲ್ಮೈ ಬಿಗಿಯಾಗಿರುವಾಗಲೇ ಕೊಯ್ಯಿರಿ. ಅನ್ನದ ಅಗುಳಿನ ಹಾಗೆ ಬಿಡಿಬಿಡಿಯಾದರೆ ತಡವಾಯಿತು. ಅಡುಗೆಗೆ ಮುಂಚೆ ಉಪ್ಪು, ಅರಿಶಿನ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತಲೆಕೆಳಗಾಗಿ ಇಪ್ಪತ್ತು ನಿಮಿಷ ಇಡಿ. ಕಳೆದ ಡಿಸೆಂಬರಿನಲ್ಲಿ ಆ ನೀರಲ್ಲಿ ಒಂದೇ ಒಂದು ಹುಳ ತೇಲಿತು. ಅತ್ತೆ ಅದನ್ನು ಚಮಚದಲ್ಲಿ ಎತ್ತಿ ನನಗೆ ತೋರಿಸಿ, ಆಮೇಲೆ ಪಲ್ಯ ಬಡಿಸಿಕೊಂಡರು.

ಈಗಿರುವ ಗಿಡಗಳನ್ನು ಕಿತ್ತುಬಿಡಿ. ಎಳೆ ಎಲೆಗಳನ್ನು ಸಣ್ಣಗೆ ಹೆಚ್ಚಿ ಕಡಲೆಬೇಳೆ ಹಾಕಿ ಪಲ್ಯ ಮಾಡಿದರೆ ಚೆನ್ನಾಗಿರುತ್ತದೆ, ಬಲಿತದ್ದು ದನಕ್ಕೆ. ಆ ಮಡಿಗೆ ಗೌರಿ ಹಬ್ಬದ ತನಕ ಅಲಸಂದೆ ಹಾಕಿ. ಮೂಲಂಗಿ, ಎಲೆಕೋಸು ಬೇಡ, ಅವೂ ಇದೇ ಬಳಗ, ಹುಳ ಅಲ್ಲೇ ಉಳಿಯುತ್ತದೆ.

ಕೊನೆಯಲ್ಲಿ ಟೆರೇಸಿನ ಚೀಲದಲ್ಲಿ ಬರುತ್ತಾ ಅಂತ ಕೇಳಿದ್ದೀರಲ್ಲ, ಬರುತ್ತದೆ. ಒಂದಡಿ ಆಳದ ಚೀಲ, ಚೀಲಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಮತ್ತೆ ನಿಂಬೆಹಣ್ಣೇ.