ನಾಲ್ಕನೇ ಗಂಟೆಯ ಐದು ಸೆಂಟಿಮೀಟರ್

ಪ್ರಶ್ನೆ: ನನ್ನ ಹಾಯಿದೋಣಿಯ ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗಿರುವ ಭಾಗ, 1.7 ಮೀಟರ್. ದಾಟಬೇಕಾದ ಮರಳುದಿಬ್ಬದ ಮೇಲೆ ಚಾರ್ಟ್ (ಕಡಲ ನಕ್ಷೆ) ತೋರಿಸುವ ಆಳ 0.4 ಮೀಟರ್. ಅದರ ಮೇಲೆ ಅಂದಿನ ಉಬ್ಬರ 3.6 ಮೀಟರ್, ಇಳಿತ 0.6. ಆರು ಗಂಟೆಯಲ್ಲಿ 3 ಮೀಟರ್ ಇಳಿಯುತ್ತದೆ, ಅಂದರೆ ಗಂಟೆಗೆ ಅರ್ಧ ಮೀಟರ್. ಉಬ್ಬರವಾಗಿ ನಾಲ್ಕು ಗಂಟೆ ಕಳೆದರೂ ದೋಣಿಯ ತಳದ ಕೀಲ್ ಕೆಳಗೆ 30 ಸೆಂಟಿಮೀಟರ್ ಉಳಿಯುತ್ತದೆ. ದಾಟಬಹುದಲ್ವಾ?

ಉತ್ತರ: ಬೇಡ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಅಂಕಿಗಳು ಬೇರೆ ಇರುತ್ತವೆ, ತಪ್ಪು ಮಾತ್ರ ಪ್ರತಿ ಸಲ ಇದೇ.

ನೀರು ಒಂದೇ ಸಮ ಇಳಿಯುವುದಿಲ್ಲ. ಮೊದಲು ನಿಧಾನ, ನಡುವೆ ಓಟ, ಕೊನೆಗೆ ಮತ್ತೆ ನಿಧಾನ. ನಿಮ್ಮ 3 ಮೀಟರನ್ನು ಹನ್ನೆರಡು ಪಾಲು ಮಾಡಿ. ಒಂದು ಪಾಲು 25 ಸೆಂಟಿಮೀಟರ್. ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ನಾಲ್ಕು ಗಂಟೆಗೆ ಹೋಗುವುದು ಒಂಬತ್ತು ಪಾಲು, ಅಂದರೆ 2.25 ಮೀಟರ್. ಉಳಿದ 1.35ಕ್ಕೆ ಚಾರ್ಟಿನ 0.4 ಸೇರಿಸಿ, 1.7 ಕಳೆಯಿರಿ. ನಿಮ್ಮ ಮೂವತ್ತು ಸೆಂಟಿಮೀಟರ್ ಈಗ ಐದು!

ಆ ಐದೂ ಸಿಗುತ್ತದೆ ಅಂತ ಏನಿಲ್ಲ. ಉಬ್ಬರದ ಪಟ್ಟಿ ಲೆಕ್ಕ ಹಾಕುವುದು ಸರಾಸರಿ ವಾಯುಭಾರಕ್ಕೆ, ಸುಮಾರು 1013 ಮಿಲಿಬಾರ್. ಒಂದು ಮಿಲಿಬಾರ್ ಏರಿದರೆ ನೀರು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ತಗ್ಗುತ್ತದೆ. 1028 ಇರುವ ದಿನ ಹದಿನೈದು ಸೆಂಟಿಮೀಟರ್ ಹೋಯಿತು. ಆಕಾಶ ಶುಭ್ರ, ದೋಣಿ ಮಾತ್ರ ಮರಳಿನಲ್ಲಿ. ದಡದಿಂದ ಕಡಲಿನ ಕಡೆ ಜೋರು ಗಾಳಿ ಬೀಸುತ್ತಿದ್ದರೆ ಇನ್ನಷ್ಟು ಕಡಿಮೆ. ಅರ್ಧ ಮೀಟರ್ ಅಲೆ ಇದ್ದರೆ ಅದರ ತಗ್ಗಿನಲ್ಲಿ ಮತ್ತೆ 25. ಮೇಲಾಗಿ ಮರಳುದಿಬ್ಬ ಸರ್ವೆ ಮಾಡಿದ ದಿನ ಇದ್ದ ಜಾಗದಲ್ಲೇ ಇರಬೇಕಲ್ಲ?

ನನಗೆ ಇದಕ್ಕಿಂತ ಸಿಟ್ಟು ಬರುವುದು ನೀವು ನೀರು ಇಳಿಯುವಾಗ ಹೊರಟಿದ್ದಕ್ಕೆ. ಆ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಹನ್ನೆರಡು ಸೆಂಟಿಮೀಟರ್ ನೀರು ಹೋಗುತ್ತಿರುತ್ತದೆ. ತಳ ತಾಗಿದರೆ ಹಾಯಿ ಇಳಿಸಿ ಎಂಜಿನ್ ಹಚ್ಚುವಷ್ಟರಲ್ಲಿ ಕೂತುಬಿಡುತ್ತೀರಿ. ಏರುವಾಗ ತಾಗಿದರೆ ಅದೇ ನೀರು ನಿಮ್ಮನ್ನು ಎತ್ತುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ಹೋಗಿ, ನಿಮ್ಮದೇ ಅಂಕಿಗಳಿಗೆ ಹನ್ನೆರಡು ಪಾಲಿನ ಲೆಕ್ಕ ಹಾಕಿದರೆ ಕೀಲ್ ಕೆಳಗೆ ಒಂದೂವರೆ ಮೀಟರ್ ಇರುತ್ತದೆ. ನಾನಂತೂ ಒಂದು ಮೀಟರ್ ಇಲ್ಲದೆ ದಾಟುವುದಿಲ್ಲ. ಅಲೆ ಇದ್ದರೆ ಹೋಗುವುದೇ ಇಲ್ಲ. ಪುಕ್ಕಲು ಅಂತ ನಗುವವರು ನಗಲಿ. ಒಮ್ಮೆ ನಾನೂ ಹೀಗೆ ಸಿಕ್ಕಿಕೊಂಡು, ಮಗ್ಗುಲಾದ ದೋಣಿಯಲ್ಲಿ ನಾಲ್ಕು ಗಂಟೆ ಕೂತಿದ್ದೇನೆ, ಟೀ ಕೂಡ ಕಾಸಲಾಗದೆ.

ಹನ್ನೆರಡು ಪಾಲಿನ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒಂದೇ ಉಬ್ಬರಕ್ಕೆ ಎರಡು ತುದಿ. ಅಂಥಲ್ಲಿ ಆ ಬಂದರಿನ ಕರ್ವ್, ಅಂದರೆ ನೀರಿನ ಏರಿಳಿತ ತೋರಿಸುವ ಗೆರೆಚಿತ್ರ, ನೋಡಲೇಬೇಕು.

ಪ್ರಶ್ನೆ: ಆಳ ಅಳೆಯುವ ಡೆಪ್ತ್ ಸೌಂಡರ್ ಇರುವಾಗ ಈ ಲೆಕ್ಕ ಯಾಕೆ?

ಉತ್ತರ: ಅದು ತೋರಿಸುವುದು ನಿಮ್ಮ ಕೆಳಗಿನ ಆಳ, ಮುಂದಿನದಲ್ಲ. ಅದರ ಸೊನ್ನೆ ನೀರಿನ ಮಟ್ಟದಿಂದಲೋ ಕೀಲ್ ತುದಿಯಿಂದಲೋ ಅಂತ ಮೊದಲು ಗುಂಡು ಕಟ್ಟಿದ ಹಗ್ಗ ಬಿಟ್ಟು ನೋಡಿ.

ಪ್ರಶ್ನೆ: ಹುಣ್ಣಿಮೆ ಹೊತ್ತಿಗೆ ನೀರು ಜಾಸ್ತಿ, ಯಾವಾಗ ಬೇಕಾದರೂ ದಾಟಬಹುದಲ್ಲ?

ಉತ್ತರ: ಇಳಿತವೂ ಆಗಲೇ ಜಾಸ್ತಿ. ದೊಡ್ಡ ಉಬ್ಬರದ ತುದಿಯಲ್ಲಿ ಕೂತರೆ ಮುಂದಿನ ಅಮಾವಾಸ್ಯೆವರೆಗೆ ಕಾಯಬೇಕಾದೀತು.

ಪ್ರಶ್ನೆ: ನೀರಿನ ಬಣ್ಣ ನೋಡಿ ಆಳ ಹೇಳುವವರೊಬ್ಬರಿದ್ದಾರೆ. ನಂಬಬಹುದೇ?

ಉತ್ತರ: ಕೆಸರು ನೀರಿನಲ್ಲಿ ಕಾಣುವುದು ಕೆಸರಿನ ಬಣ್ಣ. ಅವರ ದೋಣಿಯ ತಳ ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಚಾರ್ಟಿನಲ್ಲಿ 1.2ರ ಕೆಳಗೆ ಗೆರೆ ಎಳೆದಿದೆ. ಅದನ್ನೂ ಕೂಡಿಸಬೇಕಾ?

ಉತ್ತರ: ಕಳೆಯಬೇಕು. ಅದು ಇಳಿತದಲ್ಲಿ ಒಣಗಿ ಮೇಲೆ ಬರುವ ನೆಲ.